ದೇವರು ಮುನಿದ ಮರುದಿನ: ನಿಮ್ಮ ಆಟದ ಲೋಕಕ್ಕೆ ಯಾವ ಬಗೆಯ ದೈವಶಕ್ತಿ?

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ರೋಲ್‌ಪ್ಲೇ ಆಟಕ್ಕೆ ಹೊಸ ಕ್ಯಾಂಪೇನ್ (ವಾರಗಟ್ಟಲೆ ಮುಂದುವರಿಯುವ ಕಥೆ) ಕಟ್ಟಲು ಕೂತ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವರು, ಮೊದಲು ಮಾಡುವ ಕೆಲಸ ದೇವರುಗಳ ಪಟ್ಟಿ. ಯುದ್ಧಕ್ಕೊಬ್ಬ, ಸುಗ್ಗಿಗೊಬ್ಬಳು, ಸಾವಿಗೊಬ್ಬ, ಕಡಲಿಗೊಬ್ಬಳು. ಹೆಸರು, ಲಾಂಛನ, ಹಬ್ಬದ ದಿನ ಎಲ್ಲ ಸಿದ್ಧವಾಗುತ್ತದೆ. ಆಟ ಶುರುವಾಗಿ ಕೆಲವು ವಾರ ಕಳೆದ ಮೇಲೆ ಕ್ಲೆರಿಕ್ (ದೈವಶಕ್ತಿಯಿಂದ ಪವಾಡ ಮಾಡುವ ಅರ್ಚಕ ಪಾತ್ರ) ಮಾಡಬಾರದ್ದೇನೋ ಮಾಡುತ್ತಾಳೆ. ಮೇಜಿನ ಸುತ್ತ ಕೂತವರೆಲ್ಲ ಗೇಮ್ ಮಾಸ್ಟರ್ ಮುಖ ನೋಡುತ್ತಾರೆ. ಅಷ್ಟು ಉದ್ದದ ಪಟ್ಟಿಯಲ್ಲಿ ಆ ಗಳಿಗೆಗೆ ಬೇಕಾದ ಉತ್ತರ ಮಾತ್ರ ಇರುವುದಿಲ್ಲ.

ಹಾಗಾಗಿ ಹೆಸರುಗಳನ್ನು ಆಮೇಲೆ ನೋಡೋಣ. ಮೊದಲು ತೀರ್ಮಾನವಾಗಬೇಕಾದದ್ದು ಬೇರೆ: ಶಕ್ತಿ ಎಲ್ಲಿಂದ ಬರುತ್ತದೆ, ಅದನ್ನು ಯಾರು ನಿಲ್ಲಿಸಬಲ್ಲರು, ನಿಂತ ದಿನ ಆ ಆಟಗಾರ್ತಿ ಮೇಜಿನ ಮುಂದೆ ಕೂತು ಏನು ಮಾಡಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಯೋಚಿಸದೆ ಬಿಡುವುದೂ ಅದನ್ನೇ.

ಹೋಲಿಕೆಗೆ ಒಂದೇ ಪ್ರಸಂಗ ಇಟ್ಟುಕೊಳ್ಳೋಣ. ಕರುಣೆಯ ದೇವತೆಯ ಅರ್ಚಕಿಯೊಬ್ಬಳು ಶರಣಾದ ದರೋಡೆಕೋರನಿಗೆ “ನಿನ್ನ ಜೀವಕ್ಕೆ ನಾನು ಹೊಣೆ” ಎಂದು ಮಾತು ಕೊಟ್ಟಿದ್ದಾಳೆ. ಅವನು ಅಡಗುದಾಣದ ದಾರಿ ಹೇಳಿದ್ದಾನೆ. ಇನ್ನು ಅವನನ್ನು ಕಟ್ಟಿಕೊಂಡು ತಿರುಗುವುದು ಕಷ್ಟ, ಬಿಟ್ಟರೆ ಸುದ್ದಿ ಮುಟ್ಟಿಸುತ್ತಾನೆ. ನಡುರಾತ್ರಿ ಜೊತೆಗಾರ ಕತ್ತಿ ಹಿರಿದು ಅವಳತ್ತ ನೋಡುತ್ತಾನೆ, ಅವಳು ಮುಖ ಆಚೆ ತಿರುಗಿಸುತ್ತಾಳೆ. ಬೆಳಗ್ಗೆ ಅದೇ ಜೊತೆಗಾರನ ಪಕ್ಕೆಗೆ ಬಾಣ ನಾಟುತ್ತದೆ. ಅವಳು ಗಾಯದ ಮೇಲೆ ಕೈಯಿಡುತ್ತಾಳೆ. ಬೆಳಕು ಹೊಮ್ಮುತ್ತದೆಯೇ?

ದೇವರು ಅಂಗೈ ದೂರದಲ್ಲಿದ್ದರೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಲೋಕಗಳಲ್ಲೊಂದಾದ ಫರ್ಗಾಟನ್ ರೆಲ್ಮ್ಸ್ (1987ರಲ್ಲಿ ಪೆಟ್ಟಿಗೆಯಾಗಿ ಬಂದದ್ದು) ಈ ಬಗೆಗೆ ಒಳ್ಳೆಯ ಮಾದರಿ. ಅಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೆ ಅರ್ಥವೇ ಇಲ್ಲ. ಆ ಲೋಕದ ಪಂಚಾಂಗದಲ್ಲಿ 1358ನೇ ವರ್ಷ ದೇವರುಗಳೆಲ್ಲ ಮನುಷ್ಯರೂಪದಲ್ಲಿ ನೆಲಕ್ಕಿಳಿದು ಬೀದಿಯಲ್ಲಿ ಹೊಡೆದಾಡಿದ್ದಾರೆ, ಕೆಲವರು ಸತ್ತಿದ್ದಾರೆ, ಮಾಟಗಾತಿ ಮಿಡ್‌ನೈಟ್ ಮಾಂತ್ರಿಕಶಕ್ತಿಯ ದೇವತೆ ಮಿಸ್ಟ್ರಾಳ ಪಟ್ಟಕ್ಕೆ ಏರಿದ್ದಾಳೆ. ಎಲ್ಲರಿಗೂ ಮೇಲಿರುವ ಏಓ ಅದಾದ ಮೇಲೆ ಹೊಸ ಕಟ್ಟಳೆ ತಂದ: ಇನ್ನುಮುಂದೆ ದೇವರ ಬಲ ಭಕ್ತರ ಬಲದಷ್ಟೇ.

ಈ ಕಟ್ಟಳೆ ಬಹಳ ಗೇಮ್ ಮಾಸ್ಟರ್‌ಗಳ ಕಣ್ಣಿಗೆ ಬೀಳುವುದಿಲ್ಲ. ಭಕ್ತರಿಲ್ಲದೆ ದೇವರಿಗೆ ಉಳಿಗಾಲವಿಲ್ಲ ಎಂದಾದರೆ, ಹತ್ತೂರು ತಿರುಗಿ ತನ್ನ ಹೆಸರು ಹೇಳುವ ಅರ್ಚಕಿಯನ್ನು ಒಂದು ತಪ್ಪಿಗೆ ಕೈಬಿಡುವಷ್ಟು ಧಾರಾಳತನ ಅವನಿಗೆ ಎಲ್ಲಿಂದ ಬರಬೇಕು? ನನ್ನ ಪ್ರಕಾರ ಅಂಥ ಲೋಕದಲ್ಲಿ ದೇವರುಗಳು ಚುನಾವಣೆ ಹತ್ತಿರ ಬಂದ ಅಭ್ಯರ್ಥಿಗಳಂತೆ ನಡೆದುಕೊಳ್ಳಬೇಕು: ಗದರಿಸಬೇಕು, ಓಲೈಸಬೇಕು, ಕನಸಿನಲ್ಲಿ ಬಂದು ಚೌಕಾಶಿ ಮಾಡಬೇಕು. ಅರ್ಚಕಿಯ ಕೈಯಲ್ಲಿ ಬೆಳಕು ಹೊಮ್ಮುತ್ತದೆ. ರಾತ್ರಿ ನಿದ್ದೆ ಮಾತ್ರ ಬರುವುದಿಲ್ಲ.

ನಿಯಮಪುಸ್ತಕ ಏನೆನ್ನುತ್ತದೆ ಎಂಬುದು ಆವೃತ್ತಿಯ ಮೇಲೆ ನಿಂತಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ, ದೇವರ ನಡಾವಳಿಯನ್ನು ಘೋರವಾಗಿ ಮೀರಿದ ಕ್ಲೆರಿಕ್ ಪ್ರಾಯಶ್ಚಿತ್ತವಾಗುವ ತನಕ ಎಲ್ಲ ಸ್ಪೆಲ್ (ಮಂತ್ರಪ್ರಯೋಗ) ಕಳೆದುಕೊಳ್ಳುತ್ತಿದ್ದಳು. 2014ರ ಐದನೇ ಆವೃತ್ತಿಯ ಕ್ಲೆರಿಕ್ ಪುಟಗಳಲ್ಲಿ ಆ ನಿಯಮವೇ ಇಲ್ಲ. ವ್ರತ ಮುರಿದರೆ ಏನು ಎಂಬ ಟಿಪ್ಪಣಿ ಇರುವುದು ವ್ರತಧಾರಿ ಯೋಧನಾದ ಪ್ಯಾಲಡಿನ್‌ಗೆ, ಅವನ ಶಕ್ತಿಗೂ ಬೇರು ಅವನ ಪ್ರತಿಜ್ಞೆಯೇ. ಅಂದರೆ ಐದನೇ ಆವೃತ್ತಿಯಲ್ಲಿ ನೀವೇನೂ ತೀರ್ಮಾನಿಸದಿದ್ದರೆ ದೇವರು ಉತ್ಸವಮೂರ್ತಿ. ಮೆರವಣಿಗೆಗೆ ಸರಿ, ಕೇಳುವುದಕ್ಕೆ ಇಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಪಾತ್‌ಫೈಂಡರ್ ಎಂಬ ಬೇರೊಂದು ಆಟದ ಎರಡನೇ ಆವೃತ್ತಿ (2019) ಈ ಗೊಂದಲವನ್ನು ಬಹಳ ಅಚ್ಚುಕಟ್ಟಾಗಿ ಬಿಡಿಸಿದೆ. ಪ್ರತಿ ದೇವರಿಗೂ ಮಾಡಬೇಕಾದ್ದು ಇಷ್ಟು, ಮಾಡಬಾರದ್ದು ಇಷ್ಟು ಎಂದು ಮೂರು ನಾಲ್ಕು ಸಾಲಿನಲ್ಲಿ ಬರೆದಿಟ್ಟಿದೆ. ಮಾಡಬಾರದ್ದನ್ನು ಮತ್ತೆ ಮತ್ತೆ ಮಾಡಿದರೆ ಪ್ರಾಯಶ್ಚಿತ್ತದವರೆಗೆ ಶಕ್ತಿ ಬಂದ್. ನಮ್ಮ ಪ್ರಸಂಗವನ್ನೇ ಅಲ್ಲಿನ ಇಬ್ಬರು ದೇವತೆಗಳ ಮುಂದಿಟ್ಟು ನೋಡಿ. ಸೌಂದರ್ಯ, ಪ್ರೇಮದ ದೇವತೆ ಶೆಲಿನ್‌ಗೆ ಶರಣಾಗತಿಯನ್ನು ನಿರಾಕರಿಸುವುದೇ ನಿಷಿದ್ಧ. ದರೋಡೆಕೋರ ಕತ್ತಿ ಕೆಳಗಿಟ್ಟಿದ್ದ, ಅವನು ಸತ್ತ, ಅಲ್ಲಿಗೆ ತೀರಿತು. ಸೂರ್ಯದೇವತೆ ಸರೆನ್‌ರೇಗೆ ನಿಷಿದ್ಧವಾದದ್ದು ಪಶ್ಚಾತ್ತಾಪಪಟ್ಟವನಿಗೆ ತಿದ್ದಿಕೊಳ್ಳುವ ಅವಕಾಶ ಕೊಡದಿರುವುದು. ಈಗ ಪ್ರಶ್ನೆಯೇ ಬದಲಾಯಿತು: ಅವನಿಗೆ ಪಶ್ಚಾತ್ತಾಪ ಆಗಿತ್ತೇ, ಅಥವಾ ಜೀವಭಯವಷ್ಟೇ ಇತ್ತೇ? ದುಷ್ಟರನ್ನು ಸದೆಬಡಿಯದೆ ಬಿಡುವುದೂ ಅವಳಿಗೆ ನಿಷಿದ್ಧ ಎಂಬುದು ಇನ್ನೊಂದು ತೊಡಕು. ಒಂದು ಸಂಜೆಯ ವಾದಕ್ಕೆ ಇಷ್ಟು ಸಾಕು. ಒಳ್ಳೆಯ ದೇವರನ್ನು ಆರಿಸುವುದೆಂದರೆ ಇಂಥ ಬಿರುಕು ಇರುವ ಸಾಲುಗಳನ್ನು ಆರಿಸುವುದು. ‘ಒಳ್ಳೆಯವರಾಗಿರಿ’ ಎಂದಷ್ಟೇ ಹೇಳುವ ದೇವರಿಂದ ಆಟಕ್ಕೆ ಏನೂ ಹುಟ್ಟುವುದಿಲ್ಲ.

ಪಾತ್‌ಫೈಂಡರ್‌ನ 2023ರ ಪರಿಷ್ಕರಣೆ ಅಲೈನ್‌ಮೆಂಟ್ ಎಂಬ ಒಳಿತು-ಕೆಡುಕಿನ ಮನೆಗಳನ್ನು ಪೂರಾ ತೆಗೆದುಹಾಕಿತು. ಆ ಮೇಲೆ ಈ ವಿಧಿ-ನಿಷೇಧಗಳ ಸಾಲುಗಳ ತೂಕ ಇನ್ನೂ ಹೆಚ್ಚಿದೆ.

ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲದಿದ್ದರೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನದೇ ಇನ್ನೊಂದು ಲೋಕವಾದ 2004ರ ಎಬರಾನ್‌ನಲ್ಲಿ ದೇವರನ್ನು ಕಂಡವರಿಲ್ಲ. ಸಾವರಿನ್ ಹೋಸ್ಟ್ ಎಂಬ ದೇವಗಣದ ಒಂಬತ್ತು ಮಂದಿ, ಡಾರ್ಕ್ ಸಿಕ್ಸ್‌ನ ಆರು ಮಂದಿ ಇದ್ದಾರೆಂದು ಜನ ನಂಬುತ್ತಾರೆ, ಅಷ್ಟೆ. ಬ್ಲಡ್ ಆಫ್ ವೋಲ್ ಎಂಬ ಪಂಥದವರಂತೂ ದೈವತ್ವವನ್ನು ಹೊರಗೆಲ್ಲೂ ಹುಡುಕದೆ ತಮ್ಮದೇ ರಕ್ತದಲ್ಲಿ ಹುಡುಕುತ್ತಾರೆ. ಅವರ ಅರ್ಚಕರಿಗೂ ಸ್ಪೆಲ್ ಬರುತ್ತದೆ. ಆ ಕಾಲದ ಮೂಲ ನಿಯಮದಲ್ಲಿ ಕ್ಲೆರಿಕ್‌ನ ಅಲೈನ್‌ಮೆಂಟ್ ದೇವರ ಅಲೈನ್‌ಮೆಂಟಿಗೆ ಒಂದು ಹೆಜ್ಜೆಯೊಳಗೆ ಇರಬೇಕಿತ್ತು. ಎಬರಾನ್ ಆ ನಿಯಮವನ್ನೇ ಎತ್ತಿಹಾಕಿತು.

ಆದ್ದರಿಂದ ನಮ್ಮ ಅರ್ಚಕಿಯ ಕೈಯಲ್ಲಿ ಬೆಳಕು ಯಾವ ಅಡ್ಡಿಯೂ ಇಲ್ಲದೆ ಹೊಮ್ಮುತ್ತದೆ. ಇದು ಸಡಿಲಿಕೆ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮಾತು ಮುರಿದವಳ ಕೈಯಲ್ಲೂ ಅದೇ ಬೆಳಕು ಬರುತ್ತದೆ ಎಂದರೆ ಆ ಬೆಳಕು ಯಾವುದಕ್ಕೂ ಸಾಕ್ಷಿಯಲ್ಲ. ಊರಿನ ಮಠಾಧಿಪತಿ ಲಂಚ ತಿನ್ನುತ್ತಾನೆಂದು ದೂರು ಬಂದರೆ ‘ಅವರಿಗೆ ಇನ್ನೂ ಸ್ಪೆಲ್ ಬರುತ್ತಿದೆಯಲ್ಲ, ತಪ್ಪು ಮಾಡಿರಲಿಕ್ಕಿಲ್ಲ’ ಎಂಬ ಸಮಜಾಯಿಷಿ ಫರ್ಗಾಟನ್ ರೆಲ್ಮ್ಸ್‌ನಲ್ಲಿ ನಡೆದೀತು, ಇಲ್ಲಿ ನಡೆಯದು. ಪುರೋಹಿತರೇ ಆಳುವ ಥ್ರೇನ್‌ನಂಥ ರಾಜ್ಯದಲ್ಲಿ ಪ್ರಾಮಾಣಿಕನೂ ಮತಾಂಧನೂ ಕಳ್ಳನೂ ತಾವು ಆರಾಧಿಸುವ ಒಂದೇ ಜ್ವಾಲೆಯ ಹೆಸರಿನಲ್ಲಿ ಒಂದೇ ಬಗೆಯ ಪವಾಡ ಮಾಡುತ್ತಾರೆ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎನ್ನುವ ಗಾದೆಯ ಮೇಲೇ ಒಂದು ಕ್ಯಾಂಪೇನ್ ಕಟ್ಟಬೇಕೆಂದರೆ ಇದಕ್ಕಿಂತ ಹದವಾದ ನೆಲ ಸಿಗಲಿಕ್ಕಿಲ್ಲ. ಪಿತೂರಿ, ಪತ್ತೆದಾರಿ, ಪಂಥಗಳ ಒಳಜಗಳ ಇಷ್ಟಪಡುವ ಗುಂಪಿಗೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ. ದೇವರು ಮೌನವಾದ ಮಾತ್ರಕ್ಕೆ ಸ್ಪೆಲ್‌ಗಳ ಬಾಯಿ ಮುಚ್ಚುವುದಿಲ್ಲ. ಹೆಣಕ್ಕೆ ಐದು ಪ್ರಶ್ನೆ ಕೇಳುವ ಸ್ಪೆಲ್ ಮೂರನೇ ಮಟ್ಟದ್ದು, ಮೇಲಿನಿಂದ ಮೂರು ಹೌದು-ಅಲ್ಲ ಉತ್ತರ ತರುವುದು ಐದನೇ ಮಟ್ಟದ್ದು, ಸುಳ್ಳಾಡಲು ಬಿಡದ ವಲಯ ಎರಡನೇ ಮಟ್ಟದಲ್ಲೇ ಸಿಗುತ್ತದೆ. ಕೊಲೆ ರಹಸ್ಯ ಆಡಿಸುವವರು ಇವುಗಳ ಬಗ್ಗೆ ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಎರಡನೇ ದೃಶ್ಯಕ್ಕೇ ಕಥೆ ಮುಗಿಯುತ್ತದೆ. ಈ ಸ್ಪೆಲ್‌ಗಳನ್ನು ನಿಷೇಧಿಸಬೇಡಿ. ಕೊಲೆಗಾರನಿಗೂ ಇವು ಗೊತ್ತಿವೆ ಎಂದುಕೊಳ್ಳಿ. ಅವನು ಮುಖ ಮುಚ್ಚಿಕೊಂಡು ಬರುತ್ತಾನೆ, ಹೆಣದ ದವಡೆ ಒಡೆದು ಹೋಗುತ್ತಾನೆ.

ದೇವರೇ ಇಲ್ಲದಿದ್ದರೆ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ಬೇಕಾದವರಿಗೆ ಬೇಕೆಂದು ಮೊದಲೇ ಗೊತ್ತಿರುತ್ತದೆ. 1991ರ ಡಾರ್ಕ್ ಸನ್‌ನ ಅಥಾಸ್ ಲೋಕದಲ್ಲಿ ದೇವರುಗಳಿಲ್ಲ. ಕ್ಲೆರಿಕ್‌ಗಳು ಮಣ್ಣು, ನೀರು, ಗಾಳಿ, ಬೆಂಕಿಯನ್ನು ಆರಾಧಿಸುತ್ತಾರೆ. ಟೆಂಪ್ಲರ್‌ಗಳು ತಮ್ಮ ನಗರದ ಮಾಂತ್ರಿಕ ದೊರೆಯಿಂದ ಶಕ್ತಿ ಪಡೆಯುತ್ತಾರೆ. ನೀರಿಗೆ ದರೋಡೆಕೋರನ ಜೀವದ ಚಿಂತೆಯಿಲ್ಲ, ಬಾವಿ ಹಾಳುಮಾಡಿದ್ದರೆ ಬೇರೆ ಮಾತು. ಟೆಂಪ್ಲರ್‌ನ ದೊರೆಗೆ ಕೊಲೆಯಿಂದ ಏನೂ ಆಗದು, ಅಪ್ಪಣೆಯಿಲ್ಲದೆ ಮಾಡಿದ್ದಕ್ಕೆ ಆದೀತು. ಇಲ್ಲಿ ದೈವಶಕ್ತಿ ಎನ್ನುವುದು ಸರ್ಕಾರಿ ನೌಕರಿ. ಮೇಲಧಿಕಾರಿಯ ಮರ್ಜಿ ಹೋದರೆ ಸ್ಪೆಲ್ಲೂ ಹೋಯಿತು.

ದೇವರು ಬಿಟ್ಟುಹೋದ ಲೋಕ ಇದಕ್ಕಿಂತ ಬೇರೆ. 1984ರ ಡ್ರ್ಯಾಗನ್‌ಲ್ಯಾನ್ಸ್‌ನ ಕ್ರಿನ್‌ನಲ್ಲಿ ಇಸ್ತಾರ್ ನಗರದ ಪುರೋಹಿತ-ದೊರೆಯ ಅಹಂಕಾರಕ್ಕೆ ಆಕಾಶದಿಂದ ಬೆಟ್ಟವೇ ಬಿತ್ತು, ಆಮೇಲೆ ಮುನ್ನೂರಕ್ಕೂ ಹೆಚ್ಚು ವರ್ಷ ನಿಜವಾದ ಕ್ಲೆರಿಕ್ ಒಬ್ಬರೂ ಇರಲಿಲ್ಲ. ಮೊದಲ ಸಾಹಸದಲ್ಲಿ ಗುಂಪಿನ ಗುರಿಗಳಲ್ಲೊಂದು ಗಾಯ ಮಾಯಿಸುವ ಶಕ್ತಿಯನ್ನು ಲೋಕಕ್ಕೆ ಮರಳಿ ತರುವುದೇ. ಪವಾಡವನ್ನು ಗಳಿಸಿಕೊಳ್ಳುವ ಸುಖ ಬೇಕಿದ್ದವರಿಗೆ ಇದು ಚಂದ. ಆದರೆ ಕ್ಲೆರಿಕ್ ಆಡಲು ಬಂದವರಿಗೆ ಮೊದಲೇ ಹೇಳಿಬಿಡಿ. ಹಳೆಯ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೊದಲ ಆವೃತ್ತಿಯಲ್ಲಿ ದಿನವೆಲ್ಲ ಮಲಗಿದರೂ ಒಂದೇ ಹಿಟ್ ಪಾಯಿಂಟ್ (ಪಾತ್ರದ ಜೀವಬಲದ ಅಂಕ) ಮರಳುತ್ತಿತ್ತು, ಕ್ಲೆರಿಕ್ ಇಲ್ಲದ ಗುಂಪು ವಾರಗಟ್ಟಲೆ ಹಾಸಿಗೆ ಹಿಡಿಯಬೇಕಿತ್ತು. ಐದನೇ ಆವೃತ್ತಿಯಲ್ಲಿ ಒಂದು ಗಂಟೆಯ ವಿಶ್ರಾಂತಿಯಲ್ಲಿ ಹಿಟ್ ಡೈಸ್ (ಕಳೆದ ಜೀವಬಲ ಮರಳಿಸುವ ದಾಳ) ಉರುಳಿಸಿಕೊಂಡು ಎದ್ದು ನಡೆಯಬಹುದಾದ್ದರಿಂದ ದೇವರಿಲ್ಲದ ಲೋಕ ಈಗ ಮೊದಲಿನಷ್ಟು ಕ್ರೂರವಲ್ಲ. ಆ ಕ್ರೌರ್ಯವೇ ಬೇಕಿದ್ದರೆ ವಿಶ್ರಾಂತಿಯ ನಿಯಮವನ್ನೂ ಬಿಗಿಮಾಡಬೇಕಾದೀತು.

ಪಾಪದ ಲೆಕ್ಕ ಇಡುವ ದೇವರುಗಳು

ನನ್ನ ಒಲವು ಇರುವುದು ಇಲ್ಲಿಯೇ. ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ ಆಟದ ನಾಲ್ಕನೇ ಆವೃತ್ತಿ (2018) ದೇವರ ಮುನಿಸನ್ನು ಒಂದು ಸಂಖ್ಯೆಯಾಗಿಸಿದೆ. ತಪ್ಪಿನ ತೂಕ ನೋಡಿ ಗೇಮ್ ಮಾಸ್ಟರ್ ಒಂದರಿಂದ ಮೂರು ಪಾಪದ ಅಂಕ ಕೊಡುತ್ತಾರೆ. ಅರ್ಚಕಿ ಪ್ರಾರ್ಥನೆಗೆ ನೂರರ ದಾಳ ಉರುಳಿಸಿದಾಗ ಬಿಡಿಸ್ಥಾನದ ಅಂಕಿ ಅವಳ ಪಾಪದಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ದೇವರ ಕೋಪ ಎರಗುತ್ತದೆ. ಪ್ರಾರ್ಥನೆ ಫಲಿಸಿದ್ದರೂ ಸರಿಯೇ.

ನಮ್ಮ ಅರ್ಚಕಿ ಕರುಣೆಯ ದೇವತೆ ಶಲ್ಯಾಳವಳು ಎಂದುಕೊಳ್ಳಿ. ಕೊಟ್ಟ ಮಾತು ಮುರಿದು ಕೊಲೆಗೆ ಸಮ್ಮತಿಸಿದ್ದಕ್ಕೆ ಮೂರು ಪಾಪ. ಅವಳ ಪ್ರಾರ್ಥನೆಯ ಕೌಶಲ 54. ದಾಳದಲ್ಲಿ 42 ಬಿತ್ತು. 54ಕ್ಕಿಂತ ಕಡಿಮೆ, ಗಾಯ ಮಾಯುತ್ತದೆ. ಆದರೆ ಬಿಡಿಸ್ಥಾನದಲ್ಲಿ 2. ಅದು ಮೂರರೊಳಗೆ. ಜೊತೆಗಾರನ ಪಕ್ಕೆ ಕೂಡಿಕೊಳ್ಳುತ್ತಿರುವಾಗಲೇ ಅವಳ ಮೇಲೆ ಕೋಪದ ಕೋಷ್ಟಕ ತೆರೆಯುತ್ತದೆ. ಅದೇ 47 ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದೇ ಉರುಳಿನಲ್ಲಿ ವರವೂ ಶಾಪವೂ. ಪ್ರತಿ ಪ್ರಾರ್ಥನೆಗೂ ಹತ್ತಕ್ಕೆ ಮೂರರಷ್ಟು ಈ ಅಪಾಯ ಬೆನ್ನಿಗಿರುವಾಗ, ಇನ್ನೊಬ್ಬನ ಜೀವ ಉಳಿಸಲು ಕೈ ಚಾಚುವುದೇ ಧೈರ್ಯದ ಕೆಲಸವಾಗುತ್ತದೆ.

ಶಕ್ತಿ ಕಿತ್ತುಕೊಳ್ಳುವ ಪದ್ಧತಿಗಿಂತ ಇದು ಏಕೆ ಮೇಲು? ಸ್ಪೆಲ್ ಕಳೆದುಕೊಂಡ ಆಟಗಾರ್ತಿ ಎರಡು ಮೂರು ಸಂಜೆ ಸುಮ್ಮನೆ ಕೂತು ಬೇರೆಯವರ ಆಟ ನೋಡಬೇಕು. ಶಿಕ್ಷೆ ಆಗಬೇಕಾದದ್ದು ಪಾತ್ರಕ್ಕೆ, ಆಗುವುದು ಅದನ್ನು ಆಡುವವಳಿಗೆ. ಪಾಪದ ಅಂಕ ಹೊತ್ತವಳು ಮಾತ್ರ ಪ್ರತಿ ಸರದಿಯಲ್ಲೂ ನಿರ್ಧರಿಸಬೇಕು: ಕರೆಯಲೇ, ಬೇಡವೇ? ದೇವರ ಮುನಿಸು ಅವಳಿಗೆ ಮಾಡಲು ಕೆಲಸ ಕೊಡುತ್ತದೆ.

ಡಂಜನ್ ಕ್ರಾಲ್ ಕ್ಲಾಸಿಕ್ಸ್ (2012) ಇದೇ ಆಲೋಚನೆಯನ್ನು ಸ್ವಲ್ಪ ತಮಾಷೆಯ ಕಡೆಗೆ ಎಳೆಯುತ್ತದೆ. ದಿನದ ಆರಂಭದಲ್ಲಿ, ಸ್ಪೆಲ್‌ಗೆಂದು ಉರುಳಿಸಿದ ಇಪ್ಪತ್ತರ ದಾಳದಲ್ಲಿ 1 ಬಿದ್ದರೆ ಮಾತ್ರ ದೇವರು ಮುನಿಯುತ್ತಾನೆ. ಸ್ಪೆಲ್ ಒಮ್ಮೆ ತಪ್ಪಿದರೆ 1 ಅಥವಾ 2, ಇನ್ನೊಮ್ಮೆ ತಪ್ಪಿದರೆ 3ರವರೆಗೆ, ಹೀಗೆ ವ್ಯಾಪ್ತಿ ಹಿಗ್ಗುತ್ತದೆ. ಮರುದಿನ ಮತ್ತೆ ಮೊದಲಿನಂತೆ. ನಡುವೆ ತಣ್ಣಗಾಗಿಸಬೇಕೆಂದರೆ 50 ಚಿನ್ನದ ನಾಣ್ಯದ ಬೆಲೆಯ ವಸ್ತು ಅರ್ಪಿಸಿದರೆ ಒಂದು ಅಂಕ ಇಳಿಯುತ್ತದೆ. ದೇವರನ್ನು ಪದೇ ಪದೇ ಕರೆದು ಪೀಡಿಸಬಾರದು ಎಂಬ ಭಾವ ಇದರಲ್ಲಿ ತಾನಾಗಿ ಬರುತ್ತದೆ. ಆದರೆ ಇಲ್ಲಿ ಮುನಿಸು ಹೆಚ್ಚಾಗಿ ದಾಳದ್ದು, ನಡತೆಯದ್ದು ಕಡಿಮೆ. ಒಂದೇ ಸಂಜೆಯ ಗಲಾಟೆ ಆಟಕ್ಕೆ ಸೊಗಸು, ವರ್ಷಗಟ್ಟಲೆ ನಡೆಯುವ ಕಥೆಗೆ ಅಷ್ಟಾಗಿ ಒಗ್ಗದು.

ಇಡೀ ಊರೇ ದೇವರ ಒಕ್ಕಲಾದರೆ

ಮೇಲಿನ ಎಲ್ಲದರಲ್ಲೂ ದೈವಶಕ್ತಿ ಒಂದು ವೃತ್ತಿಯ ಸೊತ್ತು. ಕ್ಲೆರಿಕ್ ಹುಟ್ಟಿದ್ದೇ ಹಾಗೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾಗುವುದಕ್ಕೂ ಮೊದಲು ಬ್ಲ್ಯಾಕ್‌ಮೂರ್ ಎಂಬ ಕ್ಯಾಂಪೇನಿನಲ್ಲಿ ಆಟಗಾರನೊಬ್ಬನ ರಕ್ತಪಿಶಾಚಿ ಪಾತ್ರ ಮಿತಿಮೀರಿ ಬೆಳೆದಾಗ ಅದನ್ನು ಹದ್ದುಬಸ್ತಿಗೆ ತರಲು ಈ ಪಾತ್ರವರ್ಗವನ್ನು ಹುಟ್ಟುಹಾಕಿದರು. ಬೇಟೆಗಾರನಾಗಿ ಬಂದವನು ಆಮೇಲೆ ವೈದ್ಯನಾದ.

ಗ್ಲೊರಾಂಥಾ ಹಾಗಲ್ಲ. ರೂನ್‌ಕ್ವೆಸ್ಟ್ ಎಂಬ ಆಟ (1978) ನಡೆಯುವ ಈ ಲೋಕದಲ್ಲಿ ಉಳುವವನು, ಕುರಿ ಕಾಯುವವಳು, ಕತ್ತಿ ಹಿಡಿದವನು ಎಲ್ಲರೂ ಯಾವುದಾದರೊಂದು ದೇವರ ಪಂಥಕ್ಕೆ ಸೇರಿದವರು. ಅಲ್ಲಿ ‘ಕ್ಲೆರಿಕ್ ಯಾರು ಆಡುತ್ತೀರಿ?’ ಎಂಬ ಪ್ರಶ್ನೆಯೇ ಬರುವುದಿಲ್ಲ. 2018ರ ಆವೃತ್ತಿಯಲ್ಲಿ ಪಾತ್ರವು ತನ್ನ ಆತ್ಮಬಲದ ಒಂದು ಅಂಕವನ್ನು ದೇವರಿಗೆ ಒಪ್ಪಿಸಿ ಒಂದು ರೂನ್ ಪಾಯಿಂಟ್ (ದೇವರ ಶಕ್ತಿ ಬಳಸಲು ಖರ್ಚುಮಾಡುವ ಅಂಕ) ಪಡೆಯುತ್ತದೆ. ಖರ್ಚಾದ ರೂನ್ ಪಾಯಿಂಟ್ ಮಲಗಿ ಎದ್ದರೆ ಬರುವುದಿಲ್ಲ, ಪಂಥದ ಪುಣ್ಯದಿನದಂದು ಪೂಜೆಯಲ್ಲಿ ಪಾಲ್ಗೊಂಡರೆ ಬರುತ್ತದೆ.

ನಮ್ಮ ಅರ್ಚಕಿ ಇಲ್ಲಿ ಗಾಯ ಮಾಯಿಸುವ ದೇವತೆ ಚಲಾನಾ ಅರೋಯ್‌ಳ ಪಂಥದವಳಾದರೆ, ಬುದ್ಧಿಯಿರುವ ಯಾವ ಜೀವಿಗೂ ನೋವು ಮಾಡುವುದಿಲ್ಲ ಎಂಬ ವ್ರತ ತೊಟ್ಟವಳು. ಬೆಳಗ್ಗೆ ಬೆಳಕು ಹೊಮ್ಮಬಹುದು, ಅವಳ ಬಳಿ ರೂನ್ ಪಾಯಿಂಟ್ ಉಳಿದಿದೆ. ಹಬ್ಬದ ದಿನ ಗುಡಿಗೆ ಹೋಗಲೇಬೇಕು, ಅಲ್ಲಿ ಎಲ್ಲರಿಗೂ ವಿಷಯ ತಿಳಿದಿದೆ. ದೇವರಿಗಿಂತ ಮೊದಲು ಪಂಥ ಕೇಳುತ್ತದೆ. ಇಂಥ ಸಾಮಾಜಿಕ ಬಿಗಿ ಬೇರೆ ಯಾವ ಲೋಕದಲ್ಲೂ ನನಗೆ ಸಿಕ್ಕಿಲ್ಲ. ಬೆಲೆಯೂ ಇದೆ: ಪಂಚಾಂಗ ಇಡಬೇಕು, ಪುರಾಣ ಓದಬೇಕು, ಅದೇ ಆಟಗಾರರು ಅದೇ ಊರಲ್ಲಿ ಋತುಗಳನ್ನು ಕಳೆಯಬೇಕು. ಇಂದು ಬಂದವರು ಮುಂದಿನ ವಾರ ಬರುತ್ತಾರೋ ಇಲ್ಲವೋ ಎನ್ನುವ ಗುಂಪಿಗೆ ಗ್ಲೊರಾಂಥಾ ಬೇಡವೇ ಬೇಡ.

ಕೊನೆಯ ಮೊರೆ, ಮರಳಿ ಬಂದ ಜೀವ

ಎರಡು ವ್ಯವಸ್ಥೆಗಳ ಗುಣ ಒಂದೇ ಕ್ಷಣದಲ್ಲಿ ತಿಳಿಯಬೇಕೆಂದರೆ ‘ದೇವರೇ, ಈಗ ಕಾಪಾಡು’ ಎಂದಾಗ ಏನಾಗುತ್ತದೆಂದು ನೋಡಿ. ಐದನೇ ಆವೃತ್ತಿಯ 2014ರ ನಿಯಮದಲ್ಲಿ ಹತ್ತನೇ ಲೆವೆಲ್ ಕ್ಲೆರಿಕ್ ನೂರರ ದಾಳದಲ್ಲಿ 10 ಅಥವಾ ಕಡಿಮೆ ಉರುಳಿಸಿದರೆ ದೇವರು ಬರುತ್ತಾನೆ, ಆಮೇಲೆ ಏಳು ದಿನ ಕರೆಯುವಂತಿಲ್ಲ. 2024ರ ಪರಿಷ್ಕರಣೆ ಆ ಅದೃಷ್ಟವನ್ನೂ ತೆಗೆದು, ಐದನೇ ಮಟ್ಟದವರೆಗಿನ ಒಂದು ಕ್ಲೆರಿಕ್ ಸ್ಪೆಲ್ಲನ್ನು ಖರ್ಚಿಲ್ಲದೆ ಪ್ರಯೋಗಿಸುವ ಸೌಲಭ್ಯವಾಗಿಸಿತು. ನೆಚ್ಚಿಕೊಳ್ಳಬಹುದಾದ ಸೌಲಭ್ಯ, ಆದರೆ ಮೈ ಜುಮ್ಮೆನ್ನುವುದಿಲ್ಲ. ರೂನ್‌ಕ್ವೆಸ್ಟ್‌ನಲ್ಲಿ ಸಾಮಾನ್ಯ ಭಕ್ತನ ಮೊರೆ ಫಲಿಸಿದರೆ, ದಾಳದಲ್ಲಿ ಬಿದ್ದಷ್ಟೇ ಅಂಕ ಅವನ ಆತ್ಮಬಲದಿಂದ ಹೋಗುತ್ತದೆ. 2 ಬಿದ್ದರೆ ಬಚಾವ್. ಆತ್ಮಬಲ 13 ಇದ್ದವನಿಗೆ 12 ಬಿದ್ದರೆ ಗೆಳೆಯರು ಬದುಕುತ್ತಾರೆ, ಅವನೊಳಗೆ ಒಂದೇ ಒಂದು ಅಂಕ ಉಳಿಯುತ್ತದೆ.

ಸತ್ತವರನ್ನು ಎಬ್ಬಿಸುವ ವಿಷಯದಲ್ಲೂ ಇದೇ ಅಂತರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ನಿಮಿಷದೊಳಗಾದರೆ 300, ಹತ್ತು ದಿನದೊಳಗಾದರೆ 500 ಚಿನ್ನದ ನಾಣ್ಯದ ವಜ್ರ ಸಾಕು. ಹಾಗಿದ್ದ ಮೇಲೆ ರಾಜನ ಕೊಲೆ ಕಥೆಯ ಆರಂಭ ಹೇಗಾದೀತು? ಖಜಾನೆಯಲ್ಲಿ ವಜ್ರವಿಲ್ಲದ ರಾಜ ಯಾರು? ಗ್ಲೊರಾಂಥಾದ ಮೃತ್ಯುದೇವ ಹುಮಾಕ್ತ್‌ನ ಅನುಯಾಯಿಗಳು ಮಾತ್ರ ಸತ್ತರೆ ಸತ್ತರು, ಮರಳಿ ಬರುವುದು ಅವರ ಧರ್ಮಕ್ಕೇ ವಿರುದ್ಧ. ಈ ಒಂದು ಸಾಲನ್ನು ನಿಮ್ಮ ಲೋಕದ ರಾಜಮನೆತನದ ಕುಲದೇವರಿಗೆ ಅಂಟಿಸಿ ನೋಡಿ, ಸಿಂಹಾಸನದ ಕಥೆಗಳೆಲ್ಲ ಮತ್ತೆ ಜೀವ ಪಡೆಯುತ್ತವೆ.

ಹಾಗಾದರೆ ಯಾವುದು?

ಮೊದಲ ಬಾರಿ ಆಡುವವರಿಗೆ ಐದನೇ ಆವೃತ್ತಿಯೋ ಪಾತ್‌ಫೈಂಡರೋ ಸಾಕು. ಆದರೆ ಪುಸ್ತಕದ ನಲವತ್ತು ದೇವರು ಬೇಡ, ಐವರು ಸಾಕು. ಆ ಐವರೂ ನಮ್ಮ ದರೋಡೆಕೋರನ ಪ್ರಸಂಗಕ್ಕೆ ಬೇರೆ ಬೇರೆ ತೀರ್ಪು ಕೊಡುವವರಾಗಿರಲಿ. ಇಬ್ಬರ ತೀರ್ಪು ಒಂದೇ ಆದರೆ ಒಬ್ಬರನ್ನು ತೆಗೆದುಬಿಡಿ. ರಾಜಕೀಯ ಬೇಕೆಂದರೆ ಎಬರಾನ್. ಉಳಿವಿನ ಹೋರಾಟಕ್ಕೆ ಡಾರ್ಕ್ ಸನ್. ಸ್ಥಿರವಾದ ಗುಂಪು, ತಾಳ್ಮೆ ಎರಡೂ ಇದ್ದರೆ ಗ್ಲೊರಾಂಥಾ. ಉಳಿದವರಿಗೆಲ್ಲ ವಾರ್‌ಹ್ಯಾಮರ್.

ಐದನೇ ಆವೃತ್ತಿಯನ್ನೇ ಆಡುತ್ತಿರುವವರು ವ್ಯವಸ್ಥೆ ಬದಲಿಸದೆ ಪಾಪದ ಅಂಕವನ್ನು ಎರವಲು ತರಬಹುದು. ಕ್ಲೆರಿಕ್ ಸ್ಪೆಲ್ ಪ್ರಯೋಗಿಸಿದಾಗಲೆಲ್ಲ ಜೊತೆಗೊಂದು ಹತ್ತರ ದಾಳ ಉರುಳಿಸಲಿ. ಪಾಪದ ಅಂಕದಷ್ಟೋ ಕಡಿಮೆಯೋ ಬಿದ್ದರೆ ಸ್ಪೆಲ್ ಫಲಿಸಲಿ, ಜೊತೆಗೆ ಒಂದು ತೊಂದರೆಯೂ ಬರಲಿ: ಮಾಯಿಸಿದ ಗಾಯ ಅವಳ ಮೈಮೇಲೆ ಮೂಡಬಹುದು, ಸತ್ತವನ ದನಿ ಎಲ್ಲರಿಗೂ ಕೇಳಬಹುದು, ಲಾಂಛನ ಕೈ ಸುಡಬಹುದು. ತೊಂದರೆ ಬಂದಾಗಲೆಲ್ಲ ಒಂದು ಅಂಕ ಕಳೆಯಲಿ. ಸ್ಪೆಲ್ ಸ್ಲಾಟ್ (ಎಣಿಕೆಯಷ್ಟೇ ಸಿಗುವ ಪ್ರಯೋಗದ ಅವಕಾಶ) ಬೇಕಾದ ಸ್ಪೆಲ್‌ಗಳಿಗೆ ಮಾತ್ರ ಇದನ್ನು ಅನ್ವಯಿಸಿ. ಎಷ್ಟು ಬಾರಿಯಾದರೂ ಬಳಸಬಹುದಾದ ಕ್ಯಾಂಟ್ರಿಪ್ ಎಂಬ ಚಿಕ್ಕ ಸ್ಪೆಲ್‌ಗೂ ಉರುಳಿಸುತ್ತ ಕೂತರೆ ಕಾಳಗ ಮುಗಿಯುವುದೇ ಇಲ್ಲ. ಮತ್ತೆ ಅಂಕವನ್ನು ಗುಟ್ಟಾಗಿ ಇಡಬೇಡಿ, ಎಷ್ಟಿದೆಯೆಂದು ಆಟಗಾರ್ತಿಗೆ ಗೊತ್ತಿದ್ದರೆ ಮಾತ್ರ ಅವಳು ಹಿಂದೆಮುಂದೆ ನೋಡುತ್ತಾಳೆ.